ಸೆರೆ ಸಿಕ್ಕ ಸೈನಿಕನಿಗೆ ಕಾನೂನು ಏನು ಕೊಡುತ್ತದೆ?

1768ರ ಅಕ್ಟೋಬರ್‌ನಲ್ಲಿ ಮುಳಬಾಗಿಲಿನ ಬಂಡೆಗಳ ನಡುವೆ ಹೈದರಾಲಿಯ ಪಡೆಗೂ ಕರ್ನಲ್ ವುಡ್‌ನ ಕಂಪನಿ ಸೇನೆಗೂ ಕಾಳಗವಾಯಿತು. ಆ ಕಾಲದಲ್ಲಿ ಸೆರೆಯಾಳುಗಳ ಬಿಡುಗಡೆಗೆ ದೊರೆಗಳ ನಡುವೆ ಕರಾರಾಗಬೇಕಿತ್ತು. 1769ರ ಮದ್ರಾಸ್ ಒಪ್ಪಂದದಲ್ಲೂ 1784ರ ಮಂಗಳೂರು ಒಪ್ಪಂದದಲ್ಲೂ ಆ ಷರತ್ತಿದೆ. ಅಲ್ಲಿಯವರೆಗೆ ಜೀವ ಹಿಡಿದುಕೊಂಡಿದ್ದರೆ ಅವರ ಪುಣ್ಯ. ಪೊಳ್ಳಿಲೂರಿನಲ್ಲಿ ಸೋತ ಕರ್ನಲ್ ಬೇಯ್ಲಿ 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ತೀರಿಕೊಂಡ.

ಈಗ 1949ರ ಮೂರನೇ ಜಿನೀವಾ ಒಪ್ಪಂದವಿದೆ. ಅದರ ಪ್ರಕಾರ ಯುದ್ಧಕೈದಿ ಅಪರಾಧಿಯಲ್ಲ. ಸಮವಸ್ತ್ರ ತೊಟ್ಟು ಹೋರಾಡಿದ್ದಕ್ಕೆ ಶಿಕ್ಷೆಯಿಲ್ಲ, ಮತ್ತೆ ರಣರಂಗಕ್ಕಿಳಿಯದಂತೆ ಹಿಡಿದಿಡಬಹುದು, ಅಷ್ಟೆ. ಯುದ್ಧಾಪರಾಧ ಎಸಗಿದ್ದರೆ ಮಾತು ಬೇರೆ, ಆಗ ವಿಚಾರಣೆ ನಡೆಸಬಹುದು. ಹೆಸರು, ದರ್ಜೆ, ಹುಟ್ಟಿದ ದಿನ, ಸೇನಾ ಸಂಖ್ಯೆ ಹೇಳಿದರೆ ಸಾಕು, ಮಿಕ್ಕಿದ್ದಕ್ಕೆ ಬಾಯಿ ಬಿಡಬೇಕಾಗಿಲ್ಲ. ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದರೂ ಶಿಸ್ತುಕ್ರಮ ಮಾತ್ರ, ಅದೂ 30 ದಿನ ಮೀರುವಂತಿಲ್ಲ.

ನನ್ನ ಲೆಕ್ಕದಲ್ಲಿ ಇಡೀ ಒಪ್ಪಂದದಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಒಂದು ಕಾರ್ಡು. ಶಿಬಿರ ಸೇರಿದ ಒಂದು ವಾರದೊಳಗೆ ಕೈದಿಗೆ ಮನೆಗೊಂದು, ಜಿನೀವಾದ ಕೇಂದ್ರ ಸಂಸ್ಥೆಗೊಂದು ಕಾರ್ಡು ಬರೆಯಲು ಬಿಡಬೇಕು: ಸೆರೆ ಸಿಕ್ಕಿದ್ದೇನೆ, ವಿಳಾಸ ಇದು, ಆರೋಗ್ಯ ಹೀಗಿದೆ. ಮಾಲೂರಿನಲ್ಲೋ ಶ್ರೀನಿವಾಸಪುರದಲ್ಲೋ ಕಾಯುತ್ತಿರುವ ಮನೆಯವರ ಪಾಲಿಗೆ ‘ನಾಪತ್ತೆ’ಯಾದ ಮಗ ಬದುಕಿದ್ದಾನೆ ಎಂದು ಗೊತ್ತಾಗುವುದು ಅದರಿಂದ. ದಾಖಲೆಗೆ ಹೆಸರು ಬಿದ್ದವನನ್ನು ಸದ್ದಿಲ್ಲದೆ ಮುಗಿಸುವುದು ಸುಲಭವಲ್ಲ, ರೆಡ್ ಕ್ರಾಸ್‌ನವರು ಬಂದು ಖಾಸಗಿಯಾಗಿ ಮಾತನಾಡಿಸುತ್ತಾರೆ.

1965ರ ಯುದ್ಧದ ಕೊನೆಗೆ ವಾಯುಪಡೆಯ ಪೈಲಟ್, ಕೊಡಗಿನ ನಂದಾ ಕಾರ್ಯಪ್ಪ ವಿಮಾನ ಉರುಳಿ ಪಾಕಿಸ್ತಾನದ ಸೆರೆಯಾದರು. ಅವರ ತಂದೆ ಜನರಲ್ ಕೆ.ಎಂ. ಕಾರ್ಯಪ್ಪ, ಪಾಕಿಸ್ತಾನದ ಆಗಿನ ಅಧ್ಯಕ್ಷ ಅಯೂಬ್ ಖಾನರ ಹಳೆಯ ಮೇಲಧಿಕಾರಿ. ಮಗನನ್ನು ಬಿಟ್ಟುಕೊಡುತ್ತೇವೆಂದು ಅಯೂಬ್ ಹೇಳಿ ಕಳಿಸಿದರೂ ತಂದೆ ಒಪ್ಪಲಿಲ್ಲ. ನಂದಾ ಉಳಿದವರ ಜೊತೆಗೇ 1966ರಲ್ಲಿ ಮರಳಿದರು.

ವಾದಕ್ಕೆ ಎಡೆಯಿರುವುದು ಬಿಡುಗಡೆಯ ವಿಷಯದಲ್ಲಿ. ಕದನ ನಿಂತ ಕೂಡಲೇ ಕಳಿಸಬೇಕು ಎನ್ನುತ್ತದೆ 118ನೇ ವಿಧಿ. ಆದರೆ 1971ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಶರಣಾದ ಪಾಕಿಸ್ತಾನದ ಸುಮಾರು 93,000 ಮಂದಿಯ ವಾಪಸಾತಿ 1973ರ ದೆಹಲಿ ಒಪ್ಪಂದದ ನಂತರ ನಡೆದು, 1974ರಲ್ಲಿ ಮುಗಿಯಿತು. ಬಾಂಗ್ಲಾದೇಶದ ಮಾನ್ಯತೆ, ಯುದ್ಧಾಪರಾಧ ವಿಚಾರಣೆಯ ಪ್ರಶ್ನೆಗಳು ಅಡ್ಡ ಬಂದವು. ಕಾರಣಗಳು ಗಟ್ಟಿಯಾಗಿದ್ದವು, ಆದರೂ ಆ ವಿಳಂಬ ವಿಧಿಯ ಅಕ್ಷರಕ್ಕೆ ಹೊಂದುತ್ತದೆಂದು ವಾದಿಸುವುದು ಕಷ್ಟ.

ಹಾಗಾದರೆ ಕೈದಿ ನಮ್ಮ ಕೋರ್ಟಿಗೆ ಹೋಗಬಹುದೇ? ಭಾರತ 1960ರಲ್ಲಿ ಜಿನೀವಾ ಒಪ್ಪಂದಗಳ ಕಾಯ್ದೆ ಮಾಡಿತು. ಅದು ಘೋರ ಉಲ್ಲಂಘನೆಗೆ ಶಿಕ್ಷೆ ವಿಧಿಸುತ್ತದೆಯೇ ಹೊರತು, ಒಪ್ಪಂದ ಜಾರಿಮಾಡಿಸಿ ಎಂದು ಸರ್ಕಾರದ ಮೇಲೆ ದಾವೆ ಹೂಡುವ ಹಕ್ಕು ಕೊಡುವುದಿಲ್ಲ ಎಂದು 1969ರಲ್ಲಿ ಗೋವಾದ ಪಾದ್ರಿ ಮೊಂತೇರೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ, ವಕೀಲರನ್ನಿಟ್ಟುಕೊಳ್ಳುವ ರಕ್ಷಣೆಯಿಂದ ಶತ್ರುದೇಶದ ಪ್ರಜೆಯನ್ನು ಸಂವಿಧಾನದ 22ನೇ ವಿಧಿಯೇ ಹೊರಗಿಟ್ಟಿದೆ. ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿಗೆ ಮಾತ್ರ ಪೌರತ್ವದ ಷರತ್ತಿಲ್ಲ, ವಕೀಲರು ಹಿಡಿಯುವ ಎಳೆ ಅದೇ.