ಮಂಜುಗಡ್ಡೆಯ ಯಂತ್ರ ಹೊರಹಾಕುವುದೇನನ್ನು?

ಸೊನ್ನೆ ಡಿಗ್ರಿಯಲ್ಲಿರುವ ಒಂದು ಗ್ರಾಂ ನೀರು ಅದೇ ಸೊನ್ನೆ ಡಿಗ್ರಿಯ ಮಂಜುಗಡ್ಡೆಯಾಗಿ ಪರಿಣಮಿಸಬೇಕಾದರೆ, ಉಷ್ಣಮಾಪಕದ ಪಾದರಸವು ಕಿಂಚಿತ್ತೂ ಕದಲದಿರುವಾಗಲೇ, ಅದು ತನ್ನೊಳಗಿನಿಂದ ಸುಮಾರು 80 ಕ್ಯಾಲೊರಿಗಳಷ್ಟು ಉಷ್ಣವನ್ನು ಬಿಟ್ಟುಕೊಡಬೇಕಾಗುತ್ತದೆ; ಅಷ್ಟೇ ಉಷ್ಣವನ್ನು ಆ ನೀರಿಗೆ ಊಡಿದ್ದರೆ ಅದು 80 ಡಿಗ್ರಿಗಳವರೆಗೆ ಕಾದು ಕೈ ಸುಡುತ್ತಿತ್ತು. ಹದಿನೆಂಟನೆಯ ಶತಮಾನದಲ್ಲಿ ಗ್ಲಾಸ್ಗೋದಲ್ಲಿ ಅಧ್ಯಾಪಕನಾಗಿದ್ದ ಜೋಸೆಫ್ ಬ್ಲ್ಯಾಕ್ ಗುರುತಿಸಿದ ಈ ಗುಪ್ತೋಷ್ಣದ ತತ್ತ್ವವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ, ಶೈತ್ಯವೆಂಬ ವಸ್ತುವನ್ನು ಯಾವ ಯಂತ್ರವೂ ಉತ್ಪಾದಿಸುವುದಿಲ್ಲವೆಂದೂ, ಉಷ್ಣವನ್ನು ಒಂದೆಡೆಯಿಂದ ತೆಗೆದು ಇನ್ನೊಂದೆಡೆಗೆ ಸಾಗಿಸುವುದಷ್ಟೇ ಅದರ ಕೆಲಸವೆಂದೂ ವಿದಿತವಾಗುತ್ತದೆ. ಅಮೆರಿಕದ ಅನುಕೂಲಸ್ಥರ ಮನೆಗಳಲ್ಲಿ ಅಡುಗೆಕಟ್ಟೆಯ ಕೆಳಗೆ, ಸುಮಾರು 15 ಅಂಗುಲ ಅಗಲದ ಸ್ಥಳದಲ್ಲಿ ಅಡಗಿ ಕುಳಿತು, ಹಗಲಿರುಳೂ ಮಂಜುಗಡ್ಡೆಯನ್ನು ಒದಗಿಸುವ ಯಂತ್ರವನ್ನು ಕೊಳ್ಳುವವರಾಗಲಿ, ಕೊಂಡು ಕಾಪಾಡುವವರಾಗಲಿ, ಅದು ಕೊಡುವುದೇನು ಎಂಬುದಕ್ಕಿಂತ ಅದು ಹೊರಹಾಕುವುದೇನು ಎಂಬುದನ್ನು ಮೊದಲು ವಿಚಾರಿಸುವುದು ಯುಕ್ತ.

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮಂಜುಗಡ್ಡೆಯೆಂಬುದು ಕೊಯ್ದು ತರುವ ಬೆಳೆಯಾಗಿತ್ತು. ಬಾಸ್ಟನ್ನಿನ ವರ್ತಕ ಫ್ರೆಡರಿಕ್ ಟ್ಯೂಡರ್ ತನ್ನ ಸೀಮೆಯ ಸರೋವರಗಳ ಹೆಪ್ಪನ್ನು ಹಡಗಿನಲ್ಲಿ ತುಂಬಿ 1833ರಲ್ಲಿ ಕಲ್ಕತ್ತೆಗೆ ಕಳುಹಿಸಿದನು; ಮದರಾಸಿನ ಸಮುದ್ರತೀರದಲ್ಲಿ ಇಂದಿಗೂ ನಿಂತಿರುವ ಐಸ್ ಹೌಸ್ ಆ ವ್ಯಾಪಾರದ ಸಾಕ್ಷಿ. ಇತ್ತ ಫ್ಲಾರಿಡಾದ ಅಪಲಾಚಿಕೋಲದಲ್ಲಿ ಜ್ವರಪೀಡಿತರ ಕೊಠಡಿಗಳನ್ನು ತಂಪಾಗಿಸಬೇಕೆಂದು ಹೊರಟ ವೈದ್ಯ ಜಾನ್ ಗೊರ್ರಿ, ಗಾಳಿಯನ್ನು ಒತ್ತಿ ಹಿಗ್ಗಿಸುವ ಯಂತ್ರದಿಂದ ಮಂಜುಗಡ್ಡೆಯನ್ನೇ ಮಾಡಿ 1851ರಲ್ಲಿ ಪೇಟೆಂಟು ಪಡೆದನಾದರೂ, ಹಣ ಹೂಡುವವರನ್ನು ಕಾಣದೆ 1855ರಲ್ಲಿ ತೀರಿಕೊಂಡನು. ಇಂದಿನ ಗೃಹಯಂತ್ರಗಳಲ್ಲಿ ಗಾಳಿಯ ಬದಲು ಸುಲಭವಾಗಿ ಆವಿಯಾಗುವ ಶೀತಕದ್ರವವಿದೆ: ಅದು ತಣ್ಣನೆಯ ಫಲಕದ ಹಿಂದೆ ಆವಿಯಾಗುತ್ತ ನೀರಿನ ಉಷ್ಣವನ್ನು ಹೀರುತ್ತದೆ, ಕಂಪ್ರೆಸರಿನಲ್ಲಿ ಒತ್ತಲ್ಪಟ್ಟು ಬಿಸಿಯಾಗಿ, ಕಂಡೆನ್ಸರಿನ ಕೊಳವೆಗಳಲ್ಲಿ ಆ ಉಷ್ಣವನ್ನು ಕೋಣೆಯ ಗಾಳಿಗೆ ಒಪ್ಪಿಸಿ ಮತ್ತೆ ದ್ರವವಾಗುತ್ತದೆ.

ಹೊರಹಾಕಬೇಕಾದ ಮೊದಲನೆಯದು ಉಷ್ಣವಾದರೆ, ಎರಡನೆಯದು ನೀರಿನ ಕಲ್ಮಷ. ಫ್ರಿಜ್ಜಿನ ಟ್ರೇಯಲ್ಲಿ ನೀರು ಸುತ್ತಲಿನಿಂದ ಒಳಮುಖವಾಗಿ ಹೆಪ್ಪುಗಟ್ಟುವುದರಿಂದ, ಅದರಲ್ಲಿ ಕರಗಿದ್ದ ಗಾಳಿಯೂ ಲವಣಗಳೂ ಎತ್ತಲೂ ದಾರಿಯಿಲ್ಲದೆ ನಡುವೆ ಸಿಕ್ಕಿಬಿದ್ದು ಗಡ್ಡೆಯ ಹೃದಯವನ್ನು ಮಬ್ಬಾಗಿಸುತ್ತವೆ. ಸ್ವಚ್ಛ ಮಂಜುಗಡ್ಡೆಯ ಯಂತ್ರದಲ್ಲಿ ಹಾಗಲ್ಲ: ಓರೆಯಾಗಿಟ್ಟ ಶೀತಲ ಫಲಕದ ಮೇಲೆ ನೀರು ಸತತವಾಗಿ ಹರಿಯುತ್ತಿರುತ್ತದೆ; ಹಿಮಸ್ಫಟಿಕದ ಜೋಡಣೆಯಲ್ಲಿ ಪರವಸ್ತುವಿಗೆ ಎಡೆಯಿಲ್ಲವಾದ್ದರಿಂದ ಶುದ್ಧಜಲ ಮಾತ್ರ ಫಲಕಕ್ಕೆ ಅಂಟುತ್ತ ಹೋಗಿ, ಉಳಿದದ್ದು ಹರಿವಿನೊಡನೆ ಕೆಳಗಿನ ತೊಟ್ಟಿಗೆ ಸೇರುತ್ತದೆ. ಹೀಗೆ ಕಟ್ಟಿದ ಮಂಜುಗಡ್ಡೆಯ ಹಲಗೆ ತಕ್ಕಷ್ಟು ದಪ್ಪವಾದಾಗ ಒಂದು ಕವಾಟ ತೆರೆದು, ಶೀತಕದ ಬಿಸಿ ಆವಿಯೇ ಫಲಕದ ಹಿಂದೆ ನುಗ್ಗಿ ಹಿಡಿತವನ್ನು ಸಡಿಲಿಸುತ್ತದೆ. ಜಾರಿದ ಹಲಗೆಯನ್ನು ಬೆಚ್ಚನೆಯ ತಂತಿಗಳ ಜಾಲರಿ ಚೌಕಗಳಾಗಿ ಕತ್ತರಿಸುತ್ತದೆ. ಲವಣಸಾಂದ್ರವಾದ ಶೇಷಜಲ ಚರಂಡಿಗೆ ಹೋಗುತ್ತದೆ. ಮೆದುವಾದ, ಅಗಿಯಲು ಹಿತವಾದ ಹರಳುಗಳನ್ನು ಬಯಸುವವರಿಗೆ ಬೇರೊಂದು ಜಾತಿಯುಂಟು. ಅದರಲ್ಲಿ ತಿರುಪಿನಂಥ ಅಲಗು ಶೀತಲ ಸಿಲಿಂಡರಿನ ಒಳಮೈಯಿಂದ ಹಿಮವನ್ನು ಕೆರೆದು ಒತ್ತಿ ಹೊರತಳ್ಳುತ್ತದೆ. ತಿರುಗುವ ಭಾಗಗಳು ಹೆಚ್ಚಿದ್ದಷ್ಟೂ ಸವೆತವೂ ಹೆಚ್ಚೆಂಬುದನ್ನು ಅದನ್ನು ಕೊಳ್ಳುವವರು ಮರೆಯಲಾಗದು.

ಆದಕಾರಣ ಆಯ್ಕೆಯ ಕಾಲದಲ್ಲಿ ಕೇಳತಕ್ಕ ಪ್ರಶ್ನೆಗಳು ಎರಡೇ. ಯಂತ್ರದ ನೀರು ಎಲ್ಲಿಗೆ ಹೋಗುತ್ತದೆ? ಮಂಜುಗಡ್ಡೆ ಶೇಖರವಾಗುವ ಪೆಟ್ಟಿಗೆ ಸಾಮಾನ್ಯವಾಗಿ ಶಾಖನಿರೋಧಕ ಗೋಡೆಗಳುಳ್ಳದ್ದೇ ಹೊರತು ಫ್ರೀಜರ್ ಅಲ್ಲ. ಅದರೊಳಗಿನ ಗಡ್ಡೆ ಸದಾ ಮೆಲ್ಲನೆ ಕರಗುತ್ತಲೇ ಇದ್ದು, ಆ ನೀರಿಗೂ ಹೊರದಾರಿ ಬೇಕು. ಚರಂಡಿಯ ಬಾಯಿ ಯಂತ್ರಕ್ಕಿಂತ ಕೆಳಗಿದ್ದರೆ ಇಳಿಜಾರು ಸಾಕು, ಮೇಲಿದ್ದರೆ ಪಂಪು ಅನಿವಾರ್ಯ. ಯಂತ್ರದ ಬಿಸಿ ಎಲ್ಲಿಗೆ ಹೋಗುತ್ತದೆ? ಮೂರು ಕಡೆಯೂ ಮರದ ಬೀರುಗಳ ನಡುವೆ ಇಡುವುದಾದರೆ ಗಾಳಿಯನ್ನು ಮುಂಭಾಗದಿಂದಲೇ ಸೆಳೆದು ಮುಂಭಾಗದಿಂದಲೇ ಬಿಡುವ ರಚನೆಯನ್ನೇ ಆರಿಸತಕ್ಕದ್ದು. ದಿನಕ್ಕೆ ಇಷ್ಟು ಎಂದು ಜಾಹೀರಾತು ಹೇಳುವ ಪ್ರಮಾಣ ಅನೇಕ ವೇಳೆ 21 ಡಿಗ್ರಿ ಗಾಳಿಗೂ 10 ಡಿಗ್ರಿ ನೀರಿಗೂ ಹಾಕಿದ ಲೆಕ್ಕ. ಅಮೆರಿಕದ ಪ್ರಮಾಣಿತ ಪರೀಕ್ಷೆಯಾದರೋ 32 ಡಿಗ್ರಿ ಗಾಳಿಯಲ್ಲಿ, 21 ಡಿಗ್ರಿ ನೀರಿನಿಂದ ನಡೆಯುತ್ತದೆ. ಬೇಸಗೆಯ ನಿಜವನ್ನು ತಿಳಿಯಬಯಸುವವರು ಎರಡನೆಯ ಅಂಕಿಯನ್ನೇ ನಂಬಬೇಕು.

ಪಾಲನೆಯ ವಿಷಯದಲ್ಲಿ ಪ್ರಧಾನ ಶತ್ರು ಗಡಸು ನೀರು. ಸುಣ್ಣಕಲ್ಲಿನ ಪದರಗಳಿಂದ ನೀರನ್ನು ಪಡೆಯುವ ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಂಥ ನಗರಗಳಲ್ಲಿ ಇದರ ಬಾಧೆ ಅಧಿಕ. ಕೊಳವೆಬಾವಿಯ ನೀರನ್ನು ಬಳಸುವ ನಮ್ಮವರು ಗೀಸರಿನ ಕಡ್ಡಿಯ ಮೇಲೆ ಕಾಣುವ ಬಿಳಿಯ ಹೊಪ್ಪಳಿಕೆಯೂ, ಈ ಯಂತ್ರದ ಫಲಕದ ಮೇಲೆ ಕಟ್ಟುವ ಪದರವೂ ಬಹುಮಟ್ಟಿಗೆ ಒಂದೇ ಕ್ಯಾಲ್ಸಿಯಂ ಕಾರ್ಬೊನೇಟು. ಅಲ್ಲಿ ಕಾವಿನಿಂದ ಆಗುವ ಕಾರ್ಯ ಇಲ್ಲಿ ಸಾಂದ್ರತೆಯಿಂದ ಆಗುತ್ತದೆಂಬುದೇ ಭೇದ. ಒರಟಾದ ಫಲಕದಿಂದ ಹಲಗೆ ಸುಲಭವಾಗಿ ಜಾರದು. ತಯಾರಕರು ಹೇಳಿದ ಅವಧಿಗೊಮ್ಮೆ, ಫಲಕದ ನಿಕಲ್ ಲೇಪಕ್ಕೆ ಹಾನಿ ಮಾಡದ ಸೌಮ್ಯ ಆಮ್ಲದ ದ್ರಾವಣವನ್ನು ಹರಿಸಿ, ಚೆನ್ನಾಗಿ ತೊಳೆದು, ಆಮೇಲೆ ಪ್ರತ್ಯೇಕವಾಗಿ ಕ್ರಿಮಿನಾಶಕವನ್ನು ಬಳಸಬೇಕು. ಆಮ್ಲವನ್ನೂ ಬ್ಲೀಚನ್ನೂ ಎಂದಿಗೂ ಬೆರೆಸಬಾರದು, ಏಕೆಂದರೆ ಆಗ ಹೊರಡುವುದು ವಿಷಮಯವಾದ ಕ್ಲೋರಿನ್ ಅನಿಲ. ಇದ್ದಿಲಿನ ಫಿಲ್ಟರ್ ನೀರಿನ ರುಚಿಯನ್ನು ಹೆಚ್ಚಿಸುವುದು ದಿಟವಾದರೂ, ಸೂಕ್ಷ್ಮಜೀವಿಗಳನ್ನು ಹದ್ದಿನಲ್ಲಿಡುತ್ತಿದ್ದ ಕ್ಲೋರಿನ್ನನ್ನು ಅದು ತೆಗೆದುಬಿಡುವುದರಿಂದ, ಲೋಳೆಯ ಪದರವು ಬೆಳೆಯಲು ಅವಕಾಶವೂ ಹೆಚ್ಚುತ್ತದೆ. ಆರ್‌ಓ ನೀರೇ ಸರ್ವರೋಗಪರಿಹಾರವೆಂದೂ ಭಾವಿಸಲಾಗದು: ಕೆಲವು ಯಂತ್ರಗಳು ನೀರಿನ ವಿದ್ಯುದ್ವಾಹಕತೆಯಿಂದಲೇ ಅದರ ಮಟ್ಟವನ್ನು ಅರಿಯುವುವಾಗಿ, ಲವಣವೇ ಇಲ್ಲದ ನೀರು ಅವುಗಳ ಪಾಲಿಗೆ ಇಲ್ಲದ ನೀರು. ಕಂಡೆನ್ಸರಿನ ಧೂಳನ್ನು ಆಗಾಗ ಮೆತ್ತನೆಯ ಬ್ರಷ್ಷಿನಿಂದ ತೆಗೆಯುವುದಂತೂ ಉಷ್ಣದ ದಾರಿಯನ್ನು ತೆರೆದಿಡುವ ಅತ್ಯಂತ ಅಗ್ಗದ ಉಪಾಯ.

ಯಂತ್ರ ಕೆಟ್ಟಾಗ ಸರಳವಾದದ್ದರಿಂದ ಕಠಿನವಾದದ್ದಕ್ಕೆ ಪರೀಕ್ಷೆ ನಡೆಯಬೇಕು; ವಿದ್ಯುತ್ತನ್ನು ತಪ್ಪಿಸಿದ ಹೊರತು ಕೈ ಹಾಕಬಾರದೆಂಬುದು ಹೇಳದೆಯೇ ತಿಳಿಯತಕ್ಕ ಮಾತು. ಗಡ್ಡೆ ತೆಳುವಾಗಿಯೋ ಪೊಳ್ಳಾಗಿಯೋ ಇದ್ದರೆ ನಲ್ಲಿ, ಫಿಲ್ಟರ್, ಒಳಬರುವ ಕವಾಟ ಇವುಗಳಲ್ಲೊಂದು ಕಟ್ಟಿಕೊಂಡಿರಬಹುದು. ಹಲಗೆ ಅಖಂಡವಾಗಿಯೇ ಪೆಟ್ಟಿಗೆಗೆ ಬಿದ್ದಿದ್ದರೆ ಜಾಲರಿಯ ತಂತಿಗೆ ವಿದ್ಯುತ್ತು ಹರಿಯುತ್ತಿಲ್ಲ. ಫಲಕವನ್ನು ಬಿಟ್ಟು ಹೊರಡದಿದ್ದರೆ ಸುಣ್ಣವೋ ಬಿಸಿ ಆವಿಯ ಕವಾಟವೋ ಕಾರಣ. ಗಡ್ಡೆಗಳೆಲ್ಲ ಕರಗಿ ಒಂದಾಗಿ, ತಳದಲ್ಲಿ ನೀರು ನಿಂತಿದ್ದರೆ ದೋಷ ಚರಂಡಿಯದು ಅಥವಾ ಪಂಪಿನದು. ಇವೆಲ್ಲ ಸರಿಯಿದ್ದು, ಫಲಕದ ಒಂದು ಮೂಲೆ ಮಾತ್ರ ಹೆಪ್ಪುಗಟ್ಟುವುದಾದರೆ, ಶೀತಕ ಸೋರಿದೆಯೆಂದು ಶಂಕಿಸಬೇಕು.

ಅಲ್ಲಿಗೆ ಗೃಹಸ್ಥನ ಅಧಿಕಾರ ಮುಗಿಯಿತು. ಇತ್ತೀಚಿನ ಯಂತ್ರಗಳಲ್ಲಿ ಹಲವಕ್ಕೆ ತುಂಬುವ ಪ್ರೊಪೇನ್ ಉರಿಯುವ ಅನಿಲವಾದ್ದರಿಂದ, ತರಬೇತು ಪಡೆದವರೇ ಅದನ್ನು ಮುಟ್ಟಬೇಕು. ಮೇಲಾಗಿ, ಶೀತಕವು ದೀಪದ ಎಣ್ಣೆಯಂತೆ ವ್ಯಯವಾಗುವ ಪದಾರ್ಥವಲ್ಲ. ಅದು ಕಡಮೆಯಾಗಿದೆಯೆಂದರೆ ಎಲ್ಲಿಯೋ ರಂಧ್ರವಿದೆಯೆಂದೇ ಅರ್ಥ. ಸೋರುವೆಡೆಯನ್ನು ಹುಡುಕದೆ ಗ್ಯಾಸ್ ತುಂಬಿ ಹಣ ಕೇಳುವವನಿಗೆ ಆ ರಂಧ್ರ ಎಲ್ಲಿದೆಯೆಂಬ ಪ್ರಶ್ನೆಯನ್ನು ಹಾಕುವುದು ಮನೆಯವರ ಹಕ್ಕು. ಅದು ಹೊರಗಿನ ಬೆಸುಗೆಯಲ್ಲಿದ್ದರೆ ದುರಸ್ತಿ ಸಾರ್ಥಕ, ಹಳೆಯ ಯಂತ್ರದ ಫಲಕದೊಳಗೇ ಇದ್ದರೆ ಹೊಸದನ್ನು ಕೊಳ್ಳುವುದೇ ಮಿತವ್ಯಯ.