ಬೈಕಿನ ತೊಡವು: ಕಂಪನಿಯದೋ, ಜೆ.ಸಿ. ರಸ್ತೆಯದೋ?

ಬಸವನಗುಡಿಯಿಂದ ದಿನವೂ ಕಚೇರಿಗೆ ಬೈಕಿನಲ್ಲಿ ಹೋಗಿಬರುವ ಗೃಹಸ್ಥನು ಹೊಸ ವಾಹನ ಕೊಳ್ಳುವಾಗ ಬಿಡಿ ಸಲಕರಣೆಗಳ ಪಟ್ಟಿಯನ್ನು ನಿಧಾನವಾಗಿ ಓದುವುದೊಳಿತು. ಹಿಂದೆ ಕೂರುವವರಿಗೆ ಹಿಡಿಕೆ, ಫುಟ್‌ರೆಸ್ಟ್, ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಕಾಯುವ ಸ್ಯಾರಿ ಗಾರ್ಡ್—ಇವು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮದಂತೆ ವಾಹನದಲ್ಲಿ ಇರಲೇಬೇಕಾದವು. ಅವಕ್ಕೆ ಬೇರೆ ಹಣ ತೆರುವುದೇಕೆ? ಅಂದಕ್ಕೆಂದು ಸ್ಯಾರಿ ಗಾರ್ಡನ್ನು ಕಳಚಿಸುವ ತರುಣರೂ ಉಂಟು. ಹಿಂದೆ ಕೂರುವ ತಾಯಿಯ ಸೆರಗನ್ನು ಅವರು ನೆನೆಯರು.

ಸೀಟಿನ ಹೊದಿಕೆ, ಪಕ್ಕದ ಚೀಲಗಳಿಗಾದರೆ ಟೌನ್ ಹಾಲಿನಿಂದ ಮಿನರ್ವ ವೃತ್ತದತ್ತ ಸಾಗುವ ಜೆ.ಸಿ. ರಸ್ತೆಯ ಅಂಗಡಿಗಳೇ ಸಾಕು. ಅಲ್ಲಿ ಚೌಕಾಸಿಗೂ ಎಡೆಯುಂಟು. ದೀಪ, ಹಾರನ್ನುಗಳ ಮಾತು ಬೇರೆ. ಮೂಲ ತಂತಿಯನ್ನು ಕತ್ತರಿಸಿ ಬೆಸೆದ ಗಂಟಿಗೆ ಮಳೆಗಾಲದಲ್ಲಿ ನೀರಿಳಿದರೆ ನಡುರಸ್ತೆಯಲ್ಲಿಯೇ ಫ್ಯೂಸು ಹೋದೀತು, ವಾರಂಟಿಗೂ ತಕರಾರು ಬಂದೀತು. ಅಲ್ಲಿ ದುಬಾರಿಯಾದರೂ ಕಂಪನಿಯದೇ ಲೇಸು.