ಸುದ್ದಿ ಆ್ಯಪ್‌ಗೆ ಒಂದೇ ಸ್ಟಾರ್ ಕೊಟ್ಟವರ ಮಾತು ಕೇಳೋರು ಯಾರು?

ಒಂದು ಸುದ್ದಿ ಆ್ಯಪ್‌ಗೆ ಪ್ಲೇ ಸ್ಟೋರ್‌ನಲ್ಲಿ 4.2 ರೇಟಿಂಗ್ ಇದೆ ಅಂದುಕೊಳ್ಳಿ. ಚೆನ್ನಾಗೇ ಇರಬೇಕು ಅಂತ ಇನ್‌ಸ್ಟಾಲ್ ಒತ್ತುತ್ತೇವೆ. ಈಗ ಸಣ್ಣದೊಂದು ಲೆಕ್ಕ ಹಾಕಿ. ನೂರು ಜನರಲ್ಲಿ 80 ಮಂದಿ ಐದು ಸ್ಟಾರ್, 20 ಮಂದಿ ಒಂದೇ ಸ್ಟಾರ್ ಕೊಟ್ಟರೆ ಸರಾಸರಿ ಬರುವುದು ಸರಿಯಾಗಿ 4.2. ಅಂದರೆ ಐವರಲ್ಲಿ ಒಬ್ಬರು ರೋಸಿಹೋಗಿದ್ದರೂ ಆ್ಯಪ್ ಸಂಭಾವಿತನ ಹಾಗೆ ಕಾಣುತ್ತೆ.

ನಿಜವಾದ ಲೆಕ್ಕ ಇಷ್ಟು ಸರಳವೂ ಅಲ್ಲ. 2019ರಿಂದ ಗೂಗಲ್ ಹೊಸ ರೇಟಿಂಗ್‌ಗಳಿಗೆ ಹೆಚ್ಚು ತೂಕ ಕೊಡುತ್ತಿದೆ. 2021ರ ಕೊನೆಯಿಂದ ನಮ್ಮ ಫೋನಿನಲ್ಲಿ ನಮ್ಮ ದೇಶದವರ ರೇಟಿಂಗ್ ಅಷ್ಟೇ ಕಾಣುತ್ತೆ. ದೇಶ ಅಂದರೆ ಇಡೀ ಭಾರತ. ಹತ್ತಾರು ಭಾಷೆಗಳಲ್ಲಿ ಸುದ್ದಿ ಕೊಡುವ ಆ್ಯಪ್‌ನ ಕನ್ನಡ ವಿಭಾಗ ಹಳ್ಳ ಹಿಡಿದಿದ್ದರೂ ಹಿಂದಿ ಓದುಗರ ಸ್ಟಾರ್‌ಗಳ ಅಡಿಯಲ್ಲಿ ಅದು ಮುಚ್ಚಿಹೋಗಬಹುದು. ಮೇಲೆ ಕಾಣುವ ಆ ಒಂದು ಅಂಕಿಯಲ್ಲಿ ಕನ್ನಡದವರ ಪಾಲೆಷ್ಟು ಅಂತ ತಿಳಿಯೋದಿಲ್ಲ.

ಇನ್ನೊಂದು ವಿಷಯ, ಅಭಿಪ್ರಾಯ ಕೇಳುವ ಹೊತ್ತು. ಪತ್ರಿಕೋದ್ಯಮಕ್ಕೆ ಬರುವ ಮೊದಲು ನಾನು ಕೋಡ್ ಬರೆದು ಹೊಟ್ಟೆ ಹೊರೆಯುತ್ತಿದ್ದವನು. ಆ ಕಸುಬಿನವರಿಗೆಲ್ಲ ಗೊತ್ತಿರುವ ಸಂಗತಿ ಇದು: ರೇಟಿಂಗ್ ಕೇಳುವ ಪೆಟ್ಟಿಗೆ ತಾನಾಗೇ ಎದ್ದು ಬರೋದಿಲ್ಲ. ಬಳಕೆದಾರ ಖುಷಿಯಾಗಿದ್ದಾನೆ ಅನ್ನಿಸಿದ ಗಳಿಗೆಗೆ ಅದನ್ನು ಕಟ್ಟಿರುತ್ತಾರೆ. ಆ್ಯಪ್ ಕ್ರ್ಯಾಶ್ ಆದ ತಕ್ಷಣ ನಿಮಗೆ ಯಾರಾದರೂ ಸ್ಟಾರ್ ಕೇಳಿದ್ದಾರಾ? ಕೆಲವರು ಮೊದಲು ‘ನಮ್ಮ ಆ್ಯಪ್ ಇಷ್ಟವಾಯ್ತಾ’ ಅಂತ ಕೇಳಿ, ಹೌದು ಅಂದವರನ್ನು ಪ್ಲೇ ಸ್ಟೋರ್‌ಗೂ ಇಲ್ಲ ಅಂದವರನ್ನು ಯಾವುದೋ ಫಾರ್ಮ್‌ಗೂ ಸಾಗಹಾಕುತ್ತಾರೆ. ರೇಟಿಂಗ್ ಕಾರ್ಡ್ ತೋರಿಸುವ ಮೊದಲು ಹಾಗೆ ಕೇಳಬೇಡಿ ಅಂತ ಗೂಗಲ್ ತನ್ನ ಮಾರ್ಗಸೂಚಿಯಲ್ಲೇ ಹೇಳಿದೆ. ಆ್ಯಪಲ್ ತನ್ನ ವ್ಯವಸ್ಥೆಯಲ್ಲಿ ವರ್ಷಕ್ಕೆ ಮೂರು ಬಾರಿ ಮಾತ್ರ ಕೇಳಲು ಬಿಡುತ್ತೆ.

ಇನ್ನು ಸಿಟ್ಟಿನ ದಂಡುಗಳು. 2017ರಲ್ಲಿ ಸ್ನ್ಯಾಪ್‌ಚಾಟ್ ಮುಖ್ಯಸ್ಥರು ಭಾರತವನ್ನು ಬಡದೇಶ ಅಂದರು ಎಂಬ ಆರೋಪ ಕೇಳಿ ನಮ್ಮವರು ಒಂದೊಂದು ಸ್ಟಾರ್ ಒತ್ತಿದರು. ಹೆಸರು ಹತ್ತಿರವಿದೆ ಅನ್ನೋ ಒಂದೇ ತಪ್ಪಿಗೆ ಸ್ನ್ಯಾಪ್‌ಡೀಲ್‌ಗೂ ಪೆಟ್ಟು ಬಿತ್ತು! 2020ರಲ್ಲಿ ಟಿಕ್‌ಟಾಕ್ ವಿರುದ್ಧದ ಲಕ್ಷಾಂತರ ರಿವ್ಯೂಗಳನ್ನು ಗೂಗಲ್ ಅಳಿಸಿಹಾಕಿತು. ರಾಜಕೀಯವನ್ನೇ ಉಣಬಡಿಸುವ ಸುದ್ದಿ ಆ್ಯಪ್‌ಗಳು ಇದಕ್ಕೆ ಹೊರತಾಗೋದು ಹೇಗೆ?

ಹಾಗಂತ ಒಂದು ಸ್ಟಾರ್‌ನವರನ್ನು ತಳ್ಳಿಹಾಕುವಂತಿಲ್ಲ. ಕನ್ನಡ ಸುದ್ದಿ ಕೊಡುವ ಕೆಲವು ಆ್ಯಪ್‌ಗಳ ಕಡಿಮೆ ಸ್ಟಾರ್‌ನ ರಿವ್ಯೂಗಳನ್ನು ಈಚೆಗೆ ಕೂತು ಓದಿದೆ. ಜಾಹೀರಾತಿನ ಕಾಟ, ಹೊತ್ತಲ್ಲದ ಹೊತ್ತಲ್ಲಿ ನೋಟಿಫಿಕೇಶನ್, ಇವು ನಿರೀಕ್ಷಿತವೇ. ಆದರೆ ಉಳಿದ ದೂರುಗಳು ಬೇರೆ ಜಾತಿಯವು. ತಲೆಬರಹದಲ್ಲಿ ಇರೋದು ಒಳಗೆ ಇಲ್ಲ. ಅನುವಾದದ ಕನ್ನಡ ಅರ್ಥವಾಗಲ್ಲ. ನನ್ನ ತಾಲ್ಲೂಕಿನ ಸುದ್ದಿ ಕೇಳಿದರೆ ಮುಂಬೈ ನಟಿಯ ಫೋಟೊ ಬರುತ್ತೆ. ಒಂದೇ ಪಕ್ಷದ ಪರ ಸುದ್ದಿ ಯಾಕೆ?

ಗಮನಿಸಿ, ಇವು ಸಾಫ್ಟ್‌ವೇರ್ ದೂರುಗಳಲ್ಲ, ಸಂಪಾದಕರಿಗೆ ಬರೆಯಬೇಕಾದ ಪತ್ರಗಳು. ಪತ್ರಿಕೆಗಳಿಗೆ ‘ವಾಚಕರ ವಾಣಿ’ಯಂಥ ಅಂಕಣವಿದೆ, ಬೈದು ಬರೆದರೂ ಓದುವ ಒಬ್ಬ ಸಂಪಾದಕ ಇರ್ತಾನೆ. ಬೇರೆಯವರ ಸುದ್ದಿಯನ್ನು ಒಟ್ಟುಮಾಡಿ ಬಡಿಸುವ ಆ್ಯಪ್‌ನಲ್ಲಿ ಯಾರನ್ನು ಕೇಳೋಣ? ಆ ಸುದ್ದಿಯನ್ನು ನಿಮ್ಮ ಪರದೆಯ ಮೇಲ್ತುದಿಗೆ ತಂದಿದ್ದು ಬಹುತೇಕ ಒಂದು ಅಲ್ಗಾರಿದಮ್. ಹಾಗಾಗಿ ಓದುಗ ಸಿಕ್ಕ ಜಾಗದಲ್ಲಿ, ಅಂದರೆ ರಿವ್ಯೂ ಪೆಟ್ಟಿಗೆಯಲ್ಲಿ ಬರೆಯುತ್ತಾನೆ. ಕೆಳಗೆ ಸಿದ್ಧ ಉತ್ತರ ಬರುತ್ತೆ: ಅನನುಕೂಲಕ್ಕೆ ವಿಷಾದ, ಆ್ಯಪ್ ಅಪ್‌ಡೇಟ್ ಮಾಡಿಕೊಳ್ಳಿ. ಪಕ್ಷಪಾತದ ದೂರಿಗೂ ಅಪ್‌ಡೇಟೇ ಮದ್ದು.

ವಿಚಿತ್ರ ಏನಂದ್ರೆ, ಕ್ಲಿಕ್ಕೇ ಮುಖ್ಯ ಅಳತೆಗೋಲಾದ ಕಡೆ ಸುಳ್ಳು ತಲೆಬರಹ ನೋಡಿ ತೆರೆದು, ಮೋಸಹೋಗಿ ಒಂದು ಸ್ಟಾರ್ ಕೊಟ್ಟ ಓದುಗನೂ ಆ ಸುದ್ದಿಯನ್ನು ಗೆಲ್ಲಿಸಿಯೇ ಬಂದಿರುತ್ತಾನೆ. ಅವನ ಕ್ಲಿಕ್ ಆ ಸುದ್ದಿಯನ್ನು ಇನ್ನಷ್ಟು ಜನರಿಗೆ ದಾಟಿಸುತ್ತೆ. ಅವನ ರಿವ್ಯೂ ಆ ಯಂತ್ರದ ತನಕ ಮುಟ್ಟೋದಿಲ್ಲ.

ಕಾಗದದ ಮೇಲೆ ದಾರಿ ಇದೆ. 2021ರ ಐಟಿ ನಿಯಮಗಳು ಸುದ್ದಿ ಒಟ್ಟುಮಾಡುವ ಆ್ಯಪ್‌ಗಳನ್ನೂ ಪ್ರಕಾಶಕರ ಸಾಲಿಗೇ ಸೇರಿಸಿ, ದೂರು ಪರಿಹಾರ ಅಧಿಕಾರಿ ಇರಬೇಕು, 15 ದಿನದಲ್ಲಿ ತೀರ್ಮಾನ ಹೇಳಬೇಕು ಎಂದವು. ಆದರೆ ಆ ಏರ್ಪಾಟಿನ ಮೂರನೇ ಹಂತದಲ್ಲಿ ಸರ್ಕಾರವೇ ಕೂತಿತ್ತು. 2021ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ 9ನೇ ನಿಯಮದ ಎರಡು ಉಪನಿಯಮಗಳಿಗೆ ತಡೆ ಕೊಟ್ಟಿತು. ಸರ್ಕಾರದ ಕೈಗೆ ಬೆತ್ತ ಕೊಡಬಾರದು ಅನ್ನೋದರಲ್ಲಿ ನನಗೂ ಅನುಮಾನವಿಲ್ಲ. ಆದರೆ ಅದನ್ನೇ ನೆಪ ಮಾಡಿಕೊಂಡು ಆ್ಯಪ್ ಕಂಪನಿಗಳು ಓದುಗರಿಗೆ ಬೆನ್ನು ತಿರುಗಿಸೋದನ್ನು ಒಪ್ಪಲಾರೆ. ಭಾಷೆಗೊಬ್ಬ ಸಂಪಾದಕನನ್ನು ಇಟ್ಟು ಅವರ ಹೆಸರು ಪ್ರಕಟಿಸೋಕೆ ಯಾವ ಕೋರ್ಟಿನ ಅಪ್ಪಣೆ ಬೇಕು?

ಅಲ್ಲಿಯತನಕ ನಾನು ಮಾಡೋದು ಇಷ್ಟು. ಹೊಸ ಆ್ಯಪ್ ಹಾಕಿಕೊಳ್ಳುವ ಮೊದಲು ಸರಾಸರಿ ಬಿಟ್ಟು, ಇತ್ತೀಚಿನ ಎರಡು ಮತ್ತು ಮೂರು ಸ್ಟಾರ್‌ನ ರಿವ್ಯೂ ಓದುತ್ತೇನೆ. ಕುರುಡು ಅಭಿಮಾನವೂ ಗುಂಪಿನ ಸಿಟ್ಟೂ ಅಲ್ಲಿ ಕಡಿಮೆ. ಕಂಪನಿ ಉತ್ತರಿಸಿದೆಯಾ, ಪ್ರತಿಯೊಬ್ಬರಿಗೂ ಅದೇ ನಾಲ್ಕು ಸಾಲಾ ಅಂತ ನೋಡುತ್ತೇನೆ. ನಾನೇ ಬರೆಯುವಾಗ ಕನ್ನಡದಲ್ಲೇ ಬರೆಯುತ್ತೇನೆ. ಯಾವ ದಿನ, ಯಾವ ತಲೆಬರಹ, ಒಳಗೆ ಏನಿತ್ತು ಅನ್ನೋದನ್ನೂ ಸೇರಿಸುತ್ತೇನೆ. ಅದರದ್ದೇ ಪ್ರತಿ ಮೂಲ ಸುದ್ದಿ ಬರೆದ ಸಂಸ್ಥೆಯ ಸಂಪಾದಕರಿಗೂ ಹೋಗುತ್ತೆ.